ಹಾಲಮ್ಮನ ಫ್ರಾಕು

ಆರಕ್ಕೆ ಒಂದು: ಇದು ಲೆಕ್ಕ.
ಮೂವತ್ತಾರು ಇಂಚಿನ ಎದೆ ಇಲ್ಲಿ ಬರೀ ಆರು,
ಹೊಲಿಗೆಗೆ ಬಿಡುವ ಅಂಚು ಅಕ್ಕಿಕಾಳಿನಗಲ.
ತೋಳು ಮಗುಚಲು ಎಳನೀರಿನ ಸ್ಟ್ರಾ,
ನೆರಿಗೆ ಕೂರಿಸಲು ಒಲೆಗೆ ಹಿಡಿದ ಚಮಚದ ಬೆನ್ನು,
ಗುಂಡಿಯೆಂದರೆ ಸಾಸಿವೆ ಗಾತ್ರದ ಮಣಿ.

ಚೌಕಿಪೇಟೆಯ ಹಿಂದಿನ ಓಣಿ, ಮಧ್ಯಾಹ್ನ.
ಮಂಡಕ್ಕಿ ಭಟ್ಟಿಯ ಕೆಲಸ ಮುಗಿಸಿ ಬರುವ ಜುಲೇಖಾಬಿ
ಬಾಗಿಲಲ್ಲೇ ನಿಂತು ನಗುತ್ತಾಳೆ:
“ಗೊಂಬಿಗೂ ಅಸ್ತರ ಹಾಕ್ತೀಯಲ್ಲವ್ವಾ,
ಬೆವರು ಬರ್ತತೇನು ಅದಕ್ಕ?”
ಬರುವುದಿಲ್ಲ. ಆದರೂ ಹಾಕುತ್ತೇನೆ.
ಅಸ್ತರವಿಲ್ಲದ ಬಟ್ಟೆ ಇಂದೂಬಾಯಿ ಅತ್ತೆಯ ಕೈಯಿಂದ
ಹೊಸ್ತಿಲು ದಾಟಿದ್ದೇ ಇಲ್ಲ.

ನಾಗಪುರದ ಒಬ್ಬರು, ಎಪ್ಪತ್ತು ದಾಟಿದವರು,
ಗೊಂಬೆ ಕೂಡಿಡುವವರು, ಕೇಳಿದ್ದರು:
ಐವತ್ತರ ದಶಕದ ಗೌನು, ಬೋಟ್ ನೆಕ್ಕು,
ಸೊಂಟ ಬಿಗಿ, ಕೆಳಗೆ ಹನ್ನೆರಡು ತುಂಡಿನ ಘೇರು.
ಮಾದರಿಗೆಂದು ಅತ್ತೆಯ ಅಳತೆ ಪುಸ್ತಕ ತೆಗೆದೆ.
ಕೆಂಪು ರಟ್ಟು, ಇನ್ನೂ ಆರದ ಮೆಷಿನ್ ಎಣ್ಣೆಯ ವಾಸನೆ,
ಸಾವಿರದ ಒಂಬೈನೂರ ಐವತ್ತಾರು.
ಪುಟ ಪುಟಕ್ಕೂ ಹೆಂಗಸರು, ಮುಖವಿಲ್ಲದವರು:
ಉದ್ದ, ಎದೆ, ಸೊಂಟ, ತೋಳು, ಕುತ್ತಿಗೆಯ ಆಳ.
ವಕೀಲರ ಮನೆಯ ವಿಶಾಲಾಕ್ಷಿ, ಬುಗ್ಗೆ ತೋಳು.
ಅಡತಿ ಅಂಗಡಿಯವರ ಎರಡನೆಯವಳು, ಬೆನ್ನಿಗೆ ಗುಂಡಿ.
ನಡುವೆ ಒಂದು ಪುಟ:

ಹಾಲಮ್ಮ. ಮಿಲ್ಲು, ರೀಲಿಂಗ್ ಖಾತೆ.
ಎದೆ ಮೂವತ್ತೆಂಟು. ಸೊಂಟ ಮೂವತ್ತಾರು.
ಫ್ರಾಕು. ದೊಡ್ಡವಳಿಗೇ.
ಮುಂಗಡ ಒಂದು ರೂಪಾಯಿ ಎಂಟಾಣೆ.

ಪಕ್ಕಕ್ಕೆ ಅಂಟಿಸಿದ್ದು ಬಿಸ್ಕತ್ತಿನ ಡಬ್ಬಿಯ ಕಾಗದ:
ಕೈಗವಸಿನ ದೊರೆಸಾನಿ, ಕೊಡೆ ಬಿಚ್ಚಿದಂಥ ಲಂಗ.
ಕೆಳಗೆ ಅತ್ತೆಯ ಪೆನ್ಸಿಲ್ಲು:
ನಕ್ಕುಬಿಟ್ಟೆ. ಮತ್ತೆ ಬರಲಿಲ್ಲ.

ಅಷ್ಟೇ.
ಎಲ್ಲಿಗೆ ತೊಟ್ಟು ಹೋಗುತ್ತಿದ್ದಳು ಅದನ್ನು,
ತಲೆಗೆ ಮೆತ್ತಿದ ನೂಲಿನ ಧೂಳು ಕೊಡವಿಕೊಂಡು,
ಪಾಳಿ ಬಿಟ್ಟ ಮೇಲೆ?
ಬೆನ್ನ ಗುಂಡಿ ಯಾರು ಹಾಕುತ್ತಿದ್ದರು ಅವಳಿಗೆ?

ನಾಗಪುರದ ಗೌನು ಬದಿಗಿಟ್ಟೆ.
ಟ್ರಂಕಿನ ತಳದಲ್ಲಿತ್ತು ಒಂದೂವರೆ ಗಜ ಪಾಪ್ಲಿನ್ನು,
ತೊಂಡೆಹಣ್ಣಿನ ಬಣ್ಣ, ಅಂಚಲ್ಲಿ ಮಿಲ್ಲಿನ ನೀಲಿ ಮುದ್ರೆ.
ಆ ಮಿಲ್ಲಿದ್ದಲ್ಲಿ ಈಗ ಮದುವೆ ಮಂಟಪದ ಪಾರ್ಕಿಂಗು.
ಬಟ್ಟೆ ತುಂಬ ಬಿಳಿ ಚುಕ್ಕಿ:
ಹೆಂಗಸಿನ ಮೈಗೆ ಚುಕ್ಕಿ, ಗೊಂಬೆಯ ಮೈಗೆ ಜೋಳದ ರೊಟ್ಟಿ.
ಮಗುಚಿ ಒಳಮೈ ಹೊರಗೆ ಮಾಡಿದೆ, ಅಲ್ಲಿ ಚುಕ್ಕಿ ಮಸುಕು.

ಆರಕ್ಕೆ ಒಂದು, ನೂಲಿನಷ್ಟೂ ಕಮ್ಮಿ ಮಾಡದೆ ಕತ್ತರಿಸಿದೆ.
ತೊಡಿಸಿದರೆ ಜಾರಿ ಕಾಲಿಗೆ ಬಿತ್ತು.
ಗೊಂಬೆಯ ಸೊಂಟ ಮೂರೂಕಾಲು, ಹಾಲಮ್ಮನದು ಆರು.
ಕೈ ಅಭ್ಯಾಸ, ನೋಡಿ: ಪಕ್ಕ ಬಿಗಿ ಹಿಡಿದು
ನಾಲ್ಕು ಪಿನ್ನು ಚುಚ್ಚಿಯೇಬಿಟ್ಟೆ.
ಸ್ವಲ್ಪ ಹೊತ್ತು ನೋಡಿದೆ.
ನಾಲ್ಕನ್ನೂ ಕಿತ್ತು ಬಾಯಲ್ಲಿಟ್ಟುಕೊಂಡು
ತಲೆದಿಂಬಿನ ಮೂಲೆ ಬಿಚ್ಚಿ
ಹತ್ತಿ ಎಳೆದೆ.

ಬತ್ತಿ ಹೊಸೆದ ಹಾಗೆ ಸುತ್ತಿದೆ ಗೊಂಬೆಗೆ:
ಹೊಟ್ಟೆಗೆ, ಸೊಂಟಕ್ಕೆ, ಬೆನ್ನಿನ ಮಡಿಕೆಗೆ,
ತೋಳಿಗೆ ಒಂದು ಸುತ್ತು ಜಾಸ್ತಿ, ರೀಲು ಎತ್ತಿದ ತೋಳು.
ಮೇಲೆ ಹಳೆಯ ಬನಿಯನ್ನಿನ ಚರ್ಮ.
ಕೈಗವಸು ಆಗಲಿಲ್ಲ, ಇವಳ ಬೆರಳು ಒಂದಕ್ಕೊಂದು ಅಂಟಿವೆ.
ಹಿಮ್ಮಡಿ ನೆಲ ಮುಟ್ಟದಂತೆ ಎರಕ ಹೊಯ್ದ ಪಾದ
ಹೊಸ ಭಾರಕ್ಕೆ ನಿಲ್ಲದು;
ದಾರದ ಉಂಡೆಗೆ ಒರಗಿಸಿದೆ.

ಸಂಜೆ ಜುಲೇಖಾಬಿ ಮತ್ತೆ ಬಂದಳು,
ಸೆರಗಿನಲ್ಲಿ ಬಿಸಿ ಮಂಡಕ್ಕಿ.
ಇದೇನು ಎನ್ನಲಿಲ್ಲ.
“ಇದ್ಯಾರವ್ವಾ?” ಅಂದಳು.

ಬೆನ್ನಿಗೆ ಐದು ಟಿಚ್ ಬಟನ್ನು,
ಉಗುರಿನಲ್ಲಿ ಒಂದೊಂದಾಗಿ ಒತ್ತಿದೆ.
ಕಂಕುಳಲ್ಲಿ ಹಿಡಿಯುತ್ತದೆಯೇ, ಹಾಲಮ್ಮ?
ಹೇಳಿಬಿಡು, ಬಿಚ್ಚಿ ಹೊಲಿದರಾಯ್ತು.
ಅಂಚು ಬಿಟ್ಟಿದ್ದೇನೆ.