ಎರಡು ಪಾಲು

ಆಯುಧಪೂಜೆಯ ಮಾರನೆಯ ದಿನ
ಪೀಣ್ಯದ ಒಳಚರಂಡಿಯಲ್ಲಿ ಮೀನು ಸಾಕಬಹುದು.
ಲೇತಿಗೆ ರಜೆ, ತೊಟ್ಟಿಗೆ ರಜೆ,
ಹರಿಯುವುದು ಅರಿಸಿನ ಕುಂಕುಮ, ಬೂದುಗುಂಬಳದ ಬೀಜ.
ನಮ್ಮ ಕಚೇರಿ ತಪಾಸಣೆಗೆ ಗೊತ್ತುಮಾಡಿದ್ದು ಅದೇ ದಿನ.
ಎಲ್ಲರೂ ಪಾಸು.

ಗಂಗಭೈರಯ್ಯ ನಕ್ಕ.
ಎಂಟು ದಿನ ಬಿಟ್ಟು ರಾತ್ರಿ ಎರಡಕ್ಕೆ ಬನ್ನಿ ಮೇಡಂ, ಎಂದ,
ಸ್ವೆಟರ್ ಹಾಕ್ಕೊಂಡು.

ಬಂದೆ. ನಾಯಿಗಳೂ ಮಲಗಿದ್ದ ಹೊತ್ತು.
ಕೊಕ್ಕೆ ಸಿಕ್ಕಿಸಿ ಮುಚ್ಚಳ ಸರಿಸಿ
ಪಕ್ಕಕ್ಕೆ ನಿಂತು ಅವನು ನೂರು ಎಣಿಸುತ್ತಾನೆ,
ಬಾಯಲ್ಲಲ್ಲ, ಬೆರಳ ಗೆಣ್ಣುಗಳಲ್ಲಿ.
ನಡುವೆ ಮಾತಾಡಿಸಿದರೆ ಮತ್ತೆ ಮೊದಲಿಂದ.
ಯಾಕೆ ಎಂದು ಕೇಳಿದ್ದಕ್ಕೆ ಒಂದೇ ಸಲ ಹೇಳಿದ:
ನನ್ ತಮ್ಮ ಎಣಿಸ್ಲಿಲ್ಲ.

ಆಮೇಲೆ ಬೆಳ್ಳಿಯುಂಗುರ ಬಿಚ್ಚಿ
ದಾರಕ್ಕೆ ಕಟ್ಟಿ ಒಳಗೆ ಇಳಿಬಿಡುತ್ತಾನೆ.
ಕಪ್ಪಾಗಿ ಬಂದರೆ ಮೇಲೆ ಎಲ್ಲೋ ಆಸಿಡ್ ಹುಯ್ದಿದ್ದಾರೆ.
ಇಲಾಖೆ ಕೊಟ್ಟ ನನ್ನ ಮೀಟರಿಗೆ
ಅಷ್ಟರಲ್ಲಿ ಇನ್ನೂ ಬ್ಯಾಟರಿ ಹುಡುಕುತ್ತಿರುತ್ತೇನೆ.
ಬೆಳಿಗ್ಗೆ ಅವನ ಹೆಂಡತಿ ವಿಭೂತಿಯಲ್ಲಿ ಉಜ್ಜಿ
ಮತ್ತೆ ಬೆಳ್ಳಿ ಮಾಡುತ್ತಾಳಂತೆ. ಈಗ ಸವೆದು ತಂತಿಯಷ್ಟಾಗಿದೆ.

ನದಿಮೂಲ ಋಷಿಮೂಲ ಕೆದಕಬಾರದು ಅನ್ನುತ್ತಾರೆ.
ನನಗೆ ಸಂಬಳ ಕೊಡುವುದೇ ಅದಕ್ಕೆ.
ಇಪ್ಪತ್ಮೂರನೇ ಮುಚ್ಚಳ: ಹಳದಿ.
ಇಪ್ಪತ್ತು: ಇನ್ನೂ ಹಳದಿ, ಹಬ್ಬದ್ದಲ್ಲ.
ಹದಿನೇಳು: ಟಾರ್ಚು ಬಿಟ್ಟರೆ ತಿರುಗಿ ಕಣ್ಣಿಗೇ ಹೊಡೆಯುವಂಥದ್ದು.
ಹದಿನಾರು: ಏನಿಲ್ಲ,
ಬರೀ ಮನುಷ್ಯರದ್ದು.

ಹದಿನಾರಕ್ಕೂ ಹದಿನೇಳಕ್ಕೂ ನಡುವೆ ಮೂರು ಶಟರ್.
ಒಂದರಡಿ ಗೆರೆಯಷ್ಟು ಬೆಳಕು.

ವೀರಭದ್ರಾಚಾರ್ ತಾವೇ ಬಾಗಿಲೆತ್ತಿದರು.
ಲುಂಗಿ, ಗಂಬೂಟು, ಉಗುರೆಲ್ಲ ಹಳದಿ.
ಹಿಂದೆ ತಂತಿಗೆ ನೇತುಬಿದ್ದು ಸೊಟ್ಟಸೊಟ್ಟ ಹೊಳೆಯುವ ನಲ್ಲಿಗಳು.
ಮುಖಕ್ಕೆ ಟಾರ್ಚು ಹಿಡಿದೆ. ಹಿಡಿಯಬಾರದಿತ್ತು.
ಬೆಳಕು ಅವರ ಒಂದು ಹೊಳ್ಳೆಯಲ್ಲಿ ಹೊಕ್ಕು
ಇನ್ನೊಂದರಲ್ಲಿ ಹೊರಬಂತು.
ಮೂಗಿನ ನಡುಗೋಡೆ ಎಂದೋ ಕರಗಿಹೋಗಿತ್ತು.

ಟ್ಯಾಂಕರ್ನೋನು ಬರ್ತೀನಿ ಬರ್ತೀನಿ ಅಂತಾನೆ, ಎಂದರು.
ಪೀಸಿಗೆ ಹನ್ನೊಂದು ರೂಪಾಯಿ ಕೊಡೋ ಕಂಪನಿ
ಕಾಂಪೌಂಡ್ ಮೇಲೆ ಹಸಿರು ಎಲೆ ಬರೆಸಿದೆ, ನೋಡಿದ್ದೀರಾ?
ನೋಡಿದ್ದೆ. ಬರೆದುಕೊಳ್ಳಲು ಫಾರಂನಲ್ಲಿ ಜಾಗವಿಲ್ಲ.

ಕೊಳವೆಗೆ ಔಷಧ ನಾಲ್ಕು ಹನಿ ಬಿಟ್ಟೆ.
ಹಳದಿಯೆಲ್ಲ ನೇರಳೆ ತಿಂದ ನಾಲಗೆಯಾಯಿತು.
ಮೂವರೂ ಸುಮ್ಮನೆ ನೋಡಿದೆವು. ಚೆಂದವಿತ್ತು.

ಕಾನೂನಿನಂತೆ ಮಾದರಿಗೆ ಎರಡು ಪಾಲು:
ಒಂದು ನಮ್ಮ ಲ್ಯಾಬಿಗೆ, ಒಂದು ಅವರಿಗೆ.
ಅಣ್ಣತಮ್ಮಂದಿರ ಹಿಸ್ಸೆಗೂ ಇಷ್ಟು ಅಳತೆಯಿರದು;
ಗಂಗಭೈರಯ್ಯ ಬಾಟಲಿಗಳನ್ನು ಕಣ್ಣಿನೆತ್ತರಕ್ಕೆ ಹಿಡಿದು
ಒಂದು ಹನಿ ಅತ್ತಿತ್ತ ಆಗದಂತೆ ಸುರಿದ.
ಅರಗು ಕಾಯಿಸಲು ನನ್ನ ಕೈ ನಡುಗುತ್ತಿತ್ತು.
ಕೊಡಿ ಇಲ್ಲಿ, ಎಂದರು ಆಚಾರ್ರು,
ನಮ್ಮಪ್ಪ ಚಿನ್ನದ ಗುಂಡಿಗೆ ಅರಗು ತುಂಬ್ತಿದ್ದ.
ತಮ್ಮ ಮೇಲಿನ ಸಾಕ್ಷಿಗೆ ತಾವೇ ಮುದ್ರೆ ಹಾಕಿದರು,
ಅಂಚು ಒಂದಿಷ್ಟೂ ಹರಡದ ಹಾಗೆ.
ತಮ್ಮ ಪಾಲನ್ನು ದೇವರ ಪಟದ ಪಕ್ಕ ಇಟ್ಟು
ಸಹಿ ಎಲ್ಲಿ, ಎಂದರು.

ಮನೆ ಸೇರಿದಾಗ ನಂದಿನಿ ಕ್ರೇಟು ಇಳಿಸುತ್ತಿದ್ದರು.
ಕೈ ತೊಳೆಯಲು ಹೋದೆ.
ನಲ್ಲಿಯ ಮೈಯಲ್ಲಿ ನನ್ನ ಮುಖ ಸೌತೆಕಾಯಿಯಷ್ಟು ಉದ್ದ,
ಹಿಂದೆ ಇಡೀ ಬಚ್ಚಲುಮನೆ ಬಾಗಿ ನಿಂತಿದೆ.
ತಿರುಗಿಸಲಿಲ್ಲ.
ಗೆಣ್ಣಿನ ಮೇಲೆ ಹೆಬ್ಬೆರಳು ತಾನೇ ಓಡತೊಡಗಿತು.
ನಲವತ್ತಕ್ಕೆ ಬಂದಿದ್ದೆ,
ಮೇಲಿನ ಮನೆಯವರು ನೀರು ಬಿಟ್ಟರು,
ಗೋಡೆಯೊಳಗೆ ಗುಳುಗುಳು ಇಳಿದುಹೋದ ಸದ್ದು.

ಮತ್ತೆ ಮೊದಲಿಂದ ಶುರುಮಾಡಿದೆ.