ಕಲ್ಲುಕೋಣೆ

ಹರಾಝ್ ಬೆಟ್ಟದ ತುದಿಯಲ್ಲಿ ನಮ್ಮ ಮನೆ, ಐದಂತಸ್ತು.
ಅಡಿಯಲ್ಲಿ ಕತ್ತೆ, ಎರಡು ಆಡು; ಮೇಲೆ ನಾವು;
ನಡುವೆ, ಕಿಟಕಿಯೇ ಇಲ್ಲದ ಕಲ್ಲುಕೋಣೆಯಲ್ಲಿ
ಕಾಫಿ.

ಬೀಗದ ಕೈ ಅತ್ತೆಯ ಕೊರಳಲ್ಲಿ.
ನಾನು ಮದುವೆಯಾಗಿ ಬಂದ ಮೊದಲ ಚಳಿಗೆ
ಒಳಗೆ ಕರೆದು, ದೀಪ ಎತ್ತಿ ಹಿಡಿದು
ಹೇಳಿದರು: ಸಿಪ್ಪೆ ಸುಲಿಯಬೇಡ ಜುಮಾನಾ.
ಸುಲಿದ ಬೀಜ ಅಂದರೆ ಬಾಯಿಬಿಟ್ಟ ಗುಟ್ಟು,
ಊರಿಗೆಲ್ಲ ಹರಡಿ
ತನ್ನಲ್ಲಿ ಏನೂ ಉಳಿಸಿಕೊಳ್ಳುವುದಿಲ್ಲ.

ಮಾಳಿಗೆಯ ಮೇಲೆ ಒಣಗಿಸು. ಒಣಗಿತೋ ಇಲ್ಲವೋ
ಕಣ್ಣನ್ನು ಕೇಳಬೇಡ, ಕಿವಿಯನ್ನು ಕೇಳು.
ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಿದರೆ
ಗಿಲಕಿಯ ಹಾಗೆ ಮಾತಾಡಬೇಕು.
ಚೀಲ ಗೋಡೆಗೆ ತಾಗಬಾರದು, ಕಲ್ಲು ಬೆವರುತ್ತದೆ.
ಮೆಂತ್ಯ ಇಲ್ಲಿಗೆ ತರಬೇಡ, ಈರುಳ್ಳಿ ಬೇಡ,
ಸೀಮೆಎಣ್ಣೆಯ ಡಬ್ಬ ಬಾಗಿಲಾಚೆಗೂ ಬೇಡ.
ಕಾಫಿಗೆ ಮೈಯೆಲ್ಲ ಮೂಗು.
ಪಕ್ಕದವರ ವಾಸನೆಯನ್ನೆಲ್ಲ ಹೀರಿಕೊಂಡು
ಇದು ನನ್ನದೇ ಅನ್ನುತ್ತದೆ,
ನಿನ್ನ ಮಾವನ ಅಕ್ಕನ ಹಾಗೆ.

ಚೀಲಗಳ ಮೇಲೆ ವರ್ಷ ಬರೆದಿರಲಿಲ್ಲ.
ಅತ್ತೆಗೆ ಓದು ಬಾರದು, ಲೆಕ್ಕ ಬರುತ್ತದೆ.
ಬೆರಳಿಟ್ಟು ಒಂದೊಂದನ್ನೇ ಪರಿಚಯ ಮಾಡಿಕೊಟ್ಟರು:
ಇದು ನೀರಿನ ತೊಟ್ಟಿ.
ಇದೂ ಅದರ ಹಿಂದಿನದೂ ನಷ್ವಾನನ ಮದುವೆ.
ಇದು ನನ್ನ ಹಲ್ಲು, ಸನಾದಲ್ಲಿ ಕಟ್ಟಿಸಬೇಕು.
ಮೂಲೆಯದು... ಯಾವುದಕ್ಕೋ,
ಇರಲಿ.

ಬೀಜ ಮಾರಾಟಕ್ಕೆ, ಸಿಪ್ಪೆ ಮನೆಗೆ.
ಬೀಸುವ ಕಲ್ಲಿನಡಿ ಉಳಿದ ಹೊಟ್ಟನ್ನು
ಶುಂಠಿ ಜಜ್ಜಿ ಹಾಕಿ ಕುದಿಸಿದರೆ ಕಿಶ್ರ್,
ಹಗಲಿಗೆ ಏಳು ಸಲ, ಬಾಣಂತಿಗೆ ಒಂಬತ್ತು.
ಹದಿನಾಲ್ಕು ವರ್ಷ ಈ ಮನೆಯಲ್ಲಿ
ಕಾಫಿ ಬೆಳೆದೆ, ಕೊಯ್ದೆ, ಒಣಗಿಸಿದೆ, ಕಾದೆ.
ಕುಡಿದದ್ದು ಅದರ ಅಂಗಿಯನ್ನು.

ಮೊನ್ನೆ ಬಂದವನ ಹೆಸರು ಮುಥನ್ನಾ.
ನುಣ್ಣನೆಯ ಗಡ್ಡ, ಜೇಬಿನಲ್ಲಿ ಚಮಚ,
ಬೀಜ ತುಂಬಿದರೆ ಅಂಕಿ ತೋರಿಸುವ ಒಂದು ಪೆಟ್ಟಿಗೆ.
ಪ್ರತಿ ಚೀಲದಿಂದ ಹಿಡಿಯಷ್ಟು ಸುಲಿದು, ಹುರಿದು,
ಸೊರ್ ಎಂದು ಹೀರಿ, ಉಗಿದ.
ಹೀರಿ, ಉಗಿದ.
ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು,
ಅಷ್ಟು ದುಡ್ಡನ್ನು ಯಾರಾದರೂ ಉಗಿಯುತ್ತಾರೆಯೇ!

ಈ ಸಲದ್ದು ಜೇನು, ಎಂದ. ಪೂರ್ತಿ ಕೊಡಿ.
ಹೋದ ಸಲದ್ದು ಪರವಾಗಿಲ್ಲ.
ಆಮೇಲೆ ದನಿ ತಗ್ಗಿಸಿ, ಮೈಲಿಗೆಯ ಮಾತೇನೋ ಎಂಬಂತೆ:
ಉಳಿದವು ಮರ, ತಾಯಿ. ಒಣಮರ.
ಹೊರದೇಶದವರು ಮುಟ್ಟುವುದಿಲ್ಲ.

ಹಳೆಯದಕ್ಕೆ ಹೆಚ್ಚು ಬೆಲೆ, ಎಂದರು ಅತ್ತೆ.
ನನ್ನ ಅಪ್ಪನ ಕಾಲದಲ್ಲಿ
ಎಂಟು ವರ್ಷದ ಚೀಲಕ್ಕೆ ಒಂಟೆ ಕೊಟ್ಟಿದ್ದರು.
ಒಂಟೆ, ಎಂದ ಅವನು ಮೆಲ್ಲಗೆ, ಗೌರವದಿಂದಲೇ,
ಮತ್ತೆ ಚಮಚ ಒರೆಸಿ ಜೇಬಿಗಿಟ್ಟುಕೊಂಡ.
ಹೋಗುವಾಗ ಗಾಳಿಯಾಡದ ದಪ್ಪ ಚೀಲ ಹತ್ತು ಕೊಟ್ಟ,
ಮುಂದಿನ ಬೆಳೆ ಇದರಲ್ಲಿ ಹಾಕಿಡಿ.

ಅವತ್ತು ಸಂಜೆ ಅತ್ತೆ ಕೋಣೆಯ ಹೊಸ್ತಿಲ ಮೇಲೆ ಕೂತವರು
ಉಣ್ಣಲು ಏಳಲಿಲ್ಲ, ಕರೆದರೂ ಏಳಲಿಲ್ಲ.
ನಷ್ವಾನ ನಗಲು ನೋಡಿದ. ಅವನ ಮದುವೆ
ಹೊಟ್ಟಿನೊಳಗೆ ಕೂತು ಸೌದೆಯಾಗಿತ್ತು.

ರಾತ್ರಿ ಬಹಳವಾದ ಮೇಲೆ ಕೂಗಿದರು:
ಜುಮಾನಾ, ಬಾಣಲೆ ತಾ.

ಮೂಲೆಯ ಚೀಲ. ಯಾವುದಕ್ಕೋ ಇಟ್ಟದ್ದು.
ಒರಳಿನಲ್ಲಿ ಕುಟ್ಟಿದೆವು, ಕೇರಿದೆವು.
ಮಂಕು ಹಳದಿ ಬೀಜ, ಮುದುಕರ ಉಗುರಿನ ಬಣ್ಣ.
ಬಾಣಲೆಗೆ ಬಿದ್ದದ್ದೇ ತಡ, ಏನೋ ನೆನಪಾದಂತೆ
ಚಟಪಟ ಎಂದವು.
ಹೊಗೆ ಮೆಟ್ಟಿಲು ಹತ್ತಿತು. ಗಮ್ದಾನ್ ಇಳಿದು ಬಂದ,
ಮಕ್ಕಳು ಬಂದವು, ಆಚೆಮನೆಯ ಫಿಕ್ರಿಯಾ
ಚಪ್ಪಲಿ ಕೂಡ ಇಲ್ಲದೆ ಬಂದು ಕೇಳಿದಳು:
ಯಾರು ಹುಟ್ಟಿದರು? ಯಾರು ಸತ್ತರು?

ಮೊದಲ ಬಟ್ಟಲು ಅತ್ತೆಗೆ.
ಒಂದು ಗುಟುಕು. ಇನ್ನೊಂದು.
ಕತ್ತೆ ಕೆಳಗೆ ಕಾಲು ಬದಲಿಸಿದ ಸದ್ದು.

ಹೇಗಿದೆ ಅತ್ತೆ?

ಸಿಪ್ಪೆಯೇ ಚೆನ್ನಾಗಿತ್ತು, ಎಂದರು.
ಬಟ್ಟಲು ಮುಂದೆ ಚಾಚಿದರು, ತುಂಬಿಸು ಎಂದು.
ನಾಳೆ
ನನ್ನ ಹಲ್ಲಿನ ಚೀಲ ಬಿಚ್ಚೋಣ.