ನೀರು ನೋಡಿ ಹೇಳ್ತೀನಿ

ಹೋದ ಸಲ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಕೇಳಿದ್ದೆ,
ಕಟಿಂಗ್ ಮೇಜಿನ ಸುತ್ತ, ಚಹಾ ತರಿಸಿ.
ವಾಶಿಂಗ್ ಮಾಸ್ತರು ಹೊನ್ನೂರವಲಿ ಮೊದಲು ಬಾಯಿಬಿಟ್ಟರು:
"ಹದಿನೆಂಟು ದಿನ, ಅಕ್ಕಾರ."
ಆ ಹದಿನೆಂಟು
ಹಸಿ ನೀಲಿಯಂತೆ ಎಲ್ಲರಿಗೂ ಹತ್ತಿಕೊಂಡಿತು.
ಮಾರೆಣ್ಣ ತಲೆಯಾಡಿಸಿದ,
ಈರಮ್ಮ ಚಹಾದ ಲೋಟದೊಳಗೆ ನೋಡಿದಳು,
ನಾನು ಹಲಗೆಯ ಮೇಲೆ ಬರೆದು
ಕೆಳಗೆ ಎರಡು ಗೆರೆ ಎಳೆದೆ.

ಲಾರಿ ಬಳ್ಳಾರಿ ಬಿಟ್ಟದ್ದು ಇಪ್ಪತ್ತೊಂಬತ್ತನೇ ದಿನ.
ಮುಂಬಯಿಯ ಸೇಠು ಫೋನಿನಲ್ಲಿ ಬೈಯಲಿಲ್ಲ,
ಬಿಲ್ಲಿನಲ್ಲಿ ಮುರಿದುಕೊಂಡ.

ನಿನಗೆ ಮೊದಲೇ ಗೊತ್ತಿತ್ತಾ, ಈರಮ್ಮಾ?
"ಗೊತ್ತಿತ್ರಿ. ಮಾಸ್ತರು ಹೇಳಿದ ಮ್ಯಾಲೆ
ನಾನೇನು ಹೇಳ್ಲಿ?"

ಈ ಸಲ ಆರು ಸಾವಿರದ ಇನ್ನೂರು ಪ್ಯಾಂಟು,
ಎಳೆದರೆ ಹಿಗ್ಗುವ ಬಟ್ಟೆ, ಏಪ್ರಿಲ್ ತಿಂಗಳು.
ಹಳೆಯ ರೇಟಿನ ಚೀಟಿ ಹರಿದು, ಹಿಂಬದಿ ಖಾಲಿ ನೋಡಿ
ಒಬ್ಬೊಬ್ಬರ ಹತ್ತಿರ ನಾನೇ ಹೋದೆ.
ಕತ್ತರಿ ಮಿಷಿನ್ನಿನ ಬಳಿ ಮಾರೆಣ್ಣ ಬರೆದ: ಹದಿನಾರು.
ಬಾಬಿನ್ ತುಂಬುವಷ್ಟರಲ್ಲಿ ಈರಮ್ಮ: ಮೂವತ್ತು.
ಹಿತ್ತಲಲ್ಲಿ ಡ್ರಮ್ಮಿನ ಸದ್ದಿನ ನಡುವೆ ಮಾಸ್ತರ ಚೀಟಿಯಲ್ಲಿ
ಅಂಕಿ ಇಲ್ಲ. ಒಂದೇ ಮಾತು: ನೀರು?

ಅಕ್ಕನ ಮಗ ಲ್ಯಾಪ್‌ಟಾಪ್ ತೆರೆದ,
ಮಾಸ್ತರ ಚೀಟಿ ಪಕ್ಕಕ್ಕಿಟ್ಟ,
ಉಳಿದೆರಡನ್ನು ಕೂಡಿಸಿ ಭಾಗಿಸಿದ.
"ಇಪ್ಪತ್ಮೂರು ಹಾಕು ಚಿಕ್ಕಮ್ಮ."
ಇಪ್ಪತ್ಮೂರು ಯಾರ ಮಾತೂ ಅಲ್ಲವಲ್ಲೋ.

ಮತ್ತೆ ಹೋದೆ. ಎಷ್ಟು ಅಂತಲ್ಲ, ಯಾಕೆ ಅಂತ.
ಮಾರೆಣ್ಣನಿಗೆ ನಗು: "ಹದಿನಾರಕ್ಕ ನನ್ನ ಕೆಲಸ ಮುಗೀತೈತಿ.
ನೀವು ಕೇಳಿದ್ದು ಎಲ್ಲಾ ಮುಗಿಯೋದಾ?"
ಈರಮ್ಮನಿಗೆ ದಾರದ ಚಿಂತೆ:
ಹಿಗ್ಗುವ ಬಟ್ಟೆ ಸೂಜಿಯ ಕೆಳಗೆ ಜಾರುತ್ತದೆ,
ಎರಡನೇ ಹೊಲಿಗೆ ಸುಕ್ಕಾಗುತ್ತದೆ, ಬಿಚ್ಚಬೇಕು,
ಕೌಲ್‌ಬಜಾರಿನ ಹೆಂಗಸರು ಬಿಚ್ಚುವುದಕ್ಕೆ ಪೀಸಿನ ಲೆಕ್ಕ ಕೇಳುತ್ತಾರೆ.

ಮಾಸ್ತರು ಬೋರಿನ ನೀರನ್ನು ಬೊಗಸೆಗೆ ತಗೊಂಡು
ನಾಲಿಗೆಗೆ ಮುಟ್ಟಿಸಿ ಉಗುಳಿದರು.
"ಬ್ಯಾಸಿಗ್ಯಾಗ ನೀರು ಇಳಿದಂಗ ಉಪ್ಪು ಏರ್ತೈತಿ.
ದಪ್ಪ ಬಟ್ಟಿ ಆದ್ರ ಕಣ್ಣು ಮುಚ್ಚಿ ಹೇಳ್ತೀನಿ.
ಇದು..."
ಬುಡದವರೆಗೂ ನೀಲಿಯಾದ ಉಗುರಿನಿಂದ ಬಟ್ಟೆ ಕೆರೆದರು.
"ಇದು ನನಗ ಗೊತ್ತಿಲ್ರಿ. ಹತ್ತು ಪ್ಯಾಂಟು, ಎರಡು ದಿನ ಕೊಡ್ರಿ.
ನೀರು ನೋಡಿ ಹೇಳ್ತೀನಿ."
ಗೊತ್ತಿಲ್ಲ ಅನ್ನುವಾಗ ಮಾತ್ರ
ಹೆಲ್ಪರ್ ಹುಡುಗರಿಗೆ ಕೇಳದಂತೆ ದನಿ ತಗ್ಗಿಸಿದ್ದರು.

ಅಪ್ಪನಿದ್ದರೆ ಎರಡು ದಿನ ಕೊಡುತ್ತಿರಲಿಲ್ಲ,
ಮಾಸ್ತರ ಬಾಯಿಂದ ಅಂಕಿ ಹೊರಡಿಸುತ್ತಿದ್ದ.
ಗಾದಿಲಿಂಗಪ್ಪನ ಕಾಲಕ್ಕೆ ಬಟ್ಟೆ ಒಂದೇ ನಮೂನೆಯದಿತ್ತು,
ಹೇಳಿದ್ದು ನಿಜವೂ ಆಗುತ್ತಿತ್ತು.

ಮಹಡಿಯ ತಂತಿಗೆ ಹತ್ತು ಪ್ಯಾಂಟು ತೂಗಿದವು,
ಹಿಂದೆ ಬೋಳು ಗುಡ್ಡ, ಕಾದ ಹಂಚಿನಂತೆ.
ಸಂಜೆಗೆ ಟೇಪು ಹಿಡಿದೆವು. ಕಾಲು ಸರಿಯಿತ್ತು,
ಸೊಂಟ ಎರಡು ಬೆರಳು ಕುಗ್ಗಿತ್ತು.
ಮಾರೆಣ್ಣ ಮಾತಾಡದೆ ರಟ್ಟಿನ ನಮೂನೆಯನ್ನು
ಹೊಸದಾಗಿ ಕತ್ತರಿಸಲು ಕೂತ.

ಇಪ್ಪತ್ತಾರರಿಂದ ಮೂವತ್ತು, ಸೇಠರೇ.
"ಒಂದು ತಾರೀಖು ಹೇಳಿ."
ಹದಿಮೂರನೇ ದಿನ ಫೋನು ಮಾಡಿ, ಒಂದೇ ಹೇಳುತ್ತೇನೆ.

ಲಾರಿ ಹೊರಟದ್ದು ಮೂವತ್ತೊಂದಕ್ಕೆ.
ದಾರ ಕಡಿಯಲಿಲ್ಲ, ಹೊಲಿಗೆ ಸುಕ್ಕಾಗಲಿಲ್ಲ.
ಕೆಟ್ಟದ್ದು ಗುಂಡಿ: ಹಿಗ್ಗುವ ಬಟ್ಟೆಗೆ ನಿಲ್ಲದೆ
ಒಂದೊಂದಾಗಿ ಕಿತ್ತು ಬಂದವು.
ಬಾಗಿಲ ಪಕ್ಕದ ಸ್ಟೂಲಿನ ಮೇಲೆ
ಹನ್ನೊಂದು ವರ್ಷದಿಂದ ಗುಂಡಿ ಹೊಡೆಯುವ ಶಾಲಂಬಿ
ಅವನ್ನು ಡಬ್ಬಿಗೆ ಹಾಕುತ್ತಾ ಅಂದಳು,
"ಬಟ್ಟಿ ಬಂದ ದಿನಾನೇ ಅಂದ್ಕೊಂಡಿದ್ದೆ."

ಅವಳ ಮುಂದಿನಿಂದಲೇ ದಿನಾ ದಾಟುತ್ತೇನೆ,
ಚೀಟಿ ಹಂಚಿದ ದಿನವೂ ದಾಟಿದ್ದೆ.